ಅಕ್ಕ ಅರ್ಧ ನೋಡಿ ತಂದ ಕೋಟು

ಬಟ್ಟೆ ಅಂಗಡಿಯವನ ಕಣ್ಣು ಕೆಟ್ಟದ್ದು. ಎದುರಿಗೆ ಬಂದವರು ಒಡಹುಟ್ಟಿದವರೇ ಆಗಿರಲಿ, ಮೊದಲು ಅಳತೆ ತೆಗೆಯುತ್ತದೆ. ನನ್ನ ಅಕ್ಕನನ್ನು ಆ ಕಣ್ಣಿನಿಂದ ನೋಡಿದರೆ ಸಿಗುವ ವಿವರ ಇದು: ಎತ್ತರ ಐದಡಿ, ದನಿ ಆರಡಿ. ನೇಯ್ಗೆ ಗಟ್ಟಿ, ಬಣ್ಣ ಬಿಡುವುದಿಲ್ಲ, ಎಷ್ಟು ಸಲ ನೀರಿಗೆ ಹಾಕಿದರೂ ಕುಗ್ಗುವುದಿಲ್ಲ. ಚೌಕಾಸಿಗೆ ನಿಂತಳೆಂದರೆ ಕುಗ್ಗುವವನು ಅಂಗಡಿಯವನೇ! ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ರೇಖಾಗಣಿತ ಕಲಿಸುತ್ತಿರುವ ಕಾರಣ, ತಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿಲ್ಲ ಎಂಬುದನ್ನೂ ಸಾಧಿಸಿ ತೋರಿಸುತ್ತಾಳೆ. ದೋಷ ಒಂದೇ. ತಮ್ಮನ ಅಂಗಡಿಯಿಂದ ಈವರೆಗೆ ಒಂದು ಕರವಸ್ತ್ರವನ್ನೂ ಕೊಂಡವಳಲ್ಲ.

"ನಿನ್ನ ಹತ್ರ ಚೌಕಾಸಿ ಮಾಡೋಕೆ ಮನಸ್ಸು ಬರಲ್ಲ ಕಣೋ. ಚೌಕಾಸಿ ಮಾಡದೆ ತಂದ ಬಟ್ಟೆ ನನಗೆ ಮೈಗೆ ಹತ್ತಲ್ಲ."

ಅವಳು ಹೋಗುವುದು ಡಿಸೈನರ್‌ಗಳ ಸ್ಯಾಂಪಲ್ ಸೇಲಿಗೆ. ದೊಡ್ಡ ಹೆಸರಿನ ಡಿಸೈನರ್‌ಗಳು ಹೊಸ ಉಡುಪು ಯೋಚಿಸುವಾಗ ಮೊದಲು ಮಾದರಿಗೆಂದು ಒಂದೊಂದು ಹೊಲಿಸುತ್ತಾರಲ್ಲ, ಕೆಲಸ ಮುಗಿದ ಮೇಲೆ ಅವನ್ನೆಲ್ಲ ಒಂದು ದೊಡ್ಡ ಹಾಲ್‌ನಲ್ಲಿ ತೂಗುಹಾಕಿ ಕಾಲು ಬೆಲೆಗೆ ಬಿಡುತ್ತಾರೆ. ತೊಟ್ಟು ನೋಡಲು ಕೋಣೆ ಇಲ್ಲ, ತಂದದ್ದನ್ನು ವಾಪಸ್ ಕೊಡುವಂತಿಲ್ಲ. ಇಂಥ ರಣರಂಗಕ್ಕೆ ಅಕ್ಕ ಸೇನಾಧಿಪತಿ. ಮೊದಲ ದಿನ ಹೋಗಿ ಬರೀ ನೋಡಿ ಬರುತ್ತಾಳೆ. ಬೆಲೆ ಇನ್ನೂ ಇಳಿಯುವ ಕೊನೆಯ ದಿನ ಹೋಗಿ ಹೊಡೆದುಕೊಂಡು ಬರುತ್ತಾಳೆ. ಚೀಲದಲ್ಲಿ ಟೇಪು, ಮನೆಯವರ ಅಳತೆಯೆಲ್ಲ ಬಾಯಿಪಾಠ. ಇದೆಲ್ಲಕ್ಕೂ ಮೇಲೆ ಅವಳದೊಂದು ಮಹಾಸೂತ್ರ: ಬಟ್ಟೆಯನ್ನು ಪೂರ್ತಿ ನೋಡಬಾರದು, ಅರ್ಧ ನೋಡಬೇಕು!

"ಉಡುಪು ಅಂದ್ರೆ ಸಮಮಿತಿ ಇರೋ ಆಕೃತಿ. ಬಲಗಡೆ ಹೇಗೋ ಎಡಗಡೆ ಹಾಗೇ. ಬೇರೆಯವರು ಒಂದು ಬಟ್ಟೆ ನೋಡೋ ಹೊತ್ತಿಗೆ ನಾನು ಎರಡು ನೋಡಿರ್ತೀನಿ. ಹೆಂಗೆ?"

ಇದರಲ್ಲಿ ತಪ್ಪು ಹುಡುಕಲು ನನಗೂ ಆಗಿರಲಿಲ್ಲ.

ಈಗ ಭಾವನ ವಿಷಯ. ಅಕ್ಕನ ಗಂಡ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಅವರ ಮುಖ ಯಾರೂ ನೋಡುವುದಿಲ್ಲ, ಅವರ ಮುಂದಿನ ಫೈಲು ನೋಡುತ್ತಾರೆ. ವಾರಕ್ಕೆ ಎರಡು ದಿನ ಮಾತ್ರ, ಕಚೇರಿಯ ಹಿಂಬದಿ ಕೋಣೆಯಲ್ಲಿ, ಇಪ್ಪತ್ತು ಜನ ಅವರ ಕೈಯನ್ನೇ ನೋಡುತ್ತ ಹಾಡುತ್ತಾರೆ. ಭಾವ ಕಟ್ಟಿದ ವೃಂದಗಾನ ಅದು. ಆ ಎರಡು ದಿನ ಅವರು ಮನೆಗೆ ಬರುವ ನಡಿಗೆಯೇ ಬೇರೆ.

ತೊಂದರೆ ಇಷ್ಟೇ. ಏರುದನಿಯವರು ಭಾವನ ಎಡಗೈ ನೋಡಬೇಕು, ತಗ್ಗುದನಿಯವರು ಬಲಗೈ. ಎದುರು ನಿಂತವರಿಗೆ ಅವರ ಎಡ ಇವರ ಬಲ. ಎಡ ಎತ್ತಿದರೆ ತಗ್ಗುದನಿ ಗುಡುಗುತ್ತಿತ್ತು, ಬಲ ಎತ್ತಿದರೆ ಏರುದನಿ ಕಿರುಚುತ್ತಿತ್ತು. ಮೂರು ತಿಂಗಳಾದರೂ ಒಂದು ಹಾಡು ದಡ ಸೇರಿರಲಿಲ್ಲ. ಕೊನೆಗೆ ಮೇಲಧಿಕಾರಿ ಹೇಳಿಬಿಟ್ಟರು: "ವಾರ್ಷಿಕೋತ್ಸವದಲ್ಲೂ ಹೀಗೇ ಆದ್ರೆ ಹಾಡು ಬಂದ್. ಆ ಕೋಣೆಗೆ ಹಳೇ ಫೈಲು ತುಂಬಿಸ್ತೀನಿ."

ಭಾವ ಎರಡು ದಿನ ಊಟ ಬಿಟ್ಟರು. ಅಕ್ಕ ಸೆರಗು ಸಿಕ್ಕಿಸಿ ಎದ್ದಳು.

"ಮುಂದೆ ನಿಲ್ಲೋರಿಗೆ ಠೀವಿ ಇದ್ರೆ ಹಿಂದಿನವರು ತಾನಾಗಿ ಸರಿಯಾಗಿ ಹಾಡ್ತಾರೆ. ಡಿಸೈನರ್ ಕೋಟು ತೊಡಿಸಿ ನಿಲ್ಲಿಸ್ತೀನಿ, ನೋಡ್ತಿರು!"

"ಕೋಟು ನನ್ನ ಅಂಗಡೀಲೇ ಇದೆಯಲ್ಲಕ್ಕ..."

"ನಿನ್ನ ಅಂಗಡೀಲಿ ಕೋಟಿದೆ ಕಣೋ. ಠೀವಿ ಎಲ್ಲಿದೆ?"

ಸೇಲಿನ ಕೊನೆಯ ದಿನವೂ ವಾರ್ಷಿಕೋತ್ಸವವೂ ಒಂದೇ ದಿನ ಬಿದ್ದವು. ಹಾಗೆಂದು ಸೂತ್ರ ಬಿಡುತ್ತಾಳೆಯೇ? ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸೇಲಿನ ಹಾಲ್ ಮುಂದೆ ನಿಂತಿದ್ದಳು. ಗಾಢ ನೀಲಿಯ ಒಂದು ಕೋಟು ಕಣ್ಣಿಗೆ ಬಿತ್ತು. ಬಲತೋಳು ಹಿಡಿದು ಟೇಪು ಹಚ್ಚಿದಳು: ಅಳತೆ ಸರಿ. ಕಾಲರು, ಜೇಬು, ಗುಂಡಿ ಎಲ್ಲ ಸರಿ. ಅಷ್ಟರಲ್ಲಿ ಬಟ್ಟೆಗಳ ಆ ಕಡೆಯಿಂದ ಯಾರೋ ಎಡತೋಳು ಹಿಡಿದು ಜಗ್ಗಿದರು!

"ಜಗ್ಗಿದವಳು ಹಲ್ಲಿನ ಡಾಕ್ಟರಂತೆ ಕಣೋ," ಎಂದು ಅಕ್ಕ ಆಮೇಲೆ ವರ್ಣಿಸಿದಳು. "ಕೀಳೋದು ಅಭ್ಯಾಸ. ನಾನು ಬಿಡ್ತೀನಾ? ಐದು ನಿಮಿಷ ಜಗ್ಗಾಟ. ಕೊನೆಗೆ ಅವಳೇ ತನ್ನ ಕೈಲಿರೋ ತೋಳನ್ನ ಒಂದ್ಸಲ ನೋಡಿದ್ಲು, ನಕ್ಕಳು, 'ನೀವೇ ಇಟ್ಕೊಳ್ಳಿ' ಅಂತ ಬಿಟ್ಟೇಬಿಟ್ಲು. ಸೋತವರು ಹಾಗೆ ನಗಬೇಕು ನೋಡು, ದೊಡ್ಡತನ!"

ಮಧ್ಯಾಹ್ನ ಮೂರೂವರೆಗೆ ರಂಗದ ಹಿಂದಿನ ಕೋಣೆ. ಇಪ್ಪತ್ತು ಗಾಯಕರು, ನಾನು, ಅಕ್ಕ, ಭಾವ. ಅಕ್ಕ ಕಿರೀಟ ತೊಡಿಸುವ ಗತ್ತಿನಲ್ಲಿ ಕೋಟನ್ನು ಚೀಲದಿಂದ ತೆಗೆದಳು. ಭಾವ ಬಲಗೈ ತೂರಿಸಿದರು. ಆಹಾ, ಸಾಕ್ಷಾತ್ ಮಹಾರಾಜ! ಎಡಗೈ ತೂರಿಸಿದರು. ಮೊಣಕೈಗೇ ತೋಳು ಮುಗಿದುಹೋಯಿತು!

ಕಾಲರು ಬಲಕ್ಕೆ ಮಾತ್ರ. ಜೇಬು ಬಲಕ್ಕೆ ಮಾತ್ರ. ಎಡಗಡೆ ಬೋಳು.

ನನಗೆ ಕೂಡಲೇ ಹೊಳೆಯಿತು. ಉದ್ದ ತೋಳೋ ಮೋಟು ತೋಳೋ, ಕಾಲರು ಬೇಕೋ ಬೇಡವೋ ಎಂದು ತೀರ್ಮಾನವಾಗದಿದ್ದಾಗ ನಮ್ಮ ಕಸುಬಿನಲ್ಲಿ ಎರಡು ಕೋಟು ಹೊಲಿಸುವುದಿಲ್ಲ. ಒಂದರಲ್ಲೇ ಬಲಕ್ಕೊಂದು ಬಗೆ, ಎಡಕ್ಕೊಂದು ಬಗೆ ಹೊಲಿಸಿ, ಪಕ್ಕಪಕ್ಕ ನೋಡಿ ಆರಿಸುತ್ತಾರೆ. ಇಡೀ ಹಾಲ್‌ನಲ್ಲಿ ಸಮಮಿತಿ ಇಲ್ಲದ ಒಂದೇ ಒಂದು ಉಡುಪನ್ನು ಗಣಿತದ ಮೇಡಂ ಗೆದ್ದು ತಂದಿದ್ದರು! ಹೊಟ್ಟೆ ಹಿಡಿದು ನಕ್ಕೆ.

ಅಕ್ಕ ನಗಲಿಲ್ಲ. ಭಾವ ಮೂಲೆಯ ಸ್ಟೂಲಿನ ಮೇಲೆ ಕುಸಿದರು. "ಬಿಟ್ಬಿಡಿ. ಫೈಲೇ ತುಂಬಿಸ್ಲಿ."

ನನ್ನ ಕಾಲ ಬಂದಿತ್ತು! ನನ್ನ ಮೈಮೇಲಿದ್ದ ಕೋಟನ್ನು ಬಿಚ್ಚಿ, ದಾನಶೂರನ ಭಂಗಿಯಲ್ಲಿ ಹಿಡಿದೆ. "ಭಾವ, ಇದು ನಮ್ಮ ಅಂಗಡಿ ಸರಕು. ಎರಡೂ ತೋಳಿದೆ, ಎಣಿಸಿ ನೋಡಿ!"

ಭಾವ ನೀಲಿ ಕೋಟು ಕಳಚಿ ಅದನ್ನು ತೊಟ್ಟರು. ಸರಿಯಾಗಿ ಕೂತಿತು. ಒಮ್ಮೆ ನೋಡೋಣವೆಂದು ಹಾಡಿಸುವಂತೆ ಎರಡೂ ಕೈ ಎತ್ತಿದರು.

ಪರ್ರ್!

ಕುತ್ತಿಗೆಯಿಂದ ಸೊಂಟದವರೆಗೆ, ಬೆನ್ನ ಹೊಲಿಗೆ ಒಂದೇ ಉಸಿರಿಗೆ ಬಿಟ್ಟುಕೊಂಡಿತು.

ಅಕ್ಕ ತಗ್ಗಿದ ದನಿಯಲ್ಲಿ ಕೇಳಿದಳು: "ತೋಳು ಎಣಿಸಿದ್ದಾಯ್ತು. ಬೆನ್ನು ಎಲ್ಲೋ?"

ಹೊರಗೆ ಗಂಟೆ ಬಾರಿಸಿದರು. ಅಕ್ಕ ನೀಲಿ ಕೋಟನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಬಹುಶಃ ಹುಟ್ಟಿದಾಗಿನಿಂದ ಮೊದಲ ಸಲ, ಒಂದು ಬಟ್ಟೆಯನ್ನು ಪೂರ್ತಿ ನೋಡಿದಳು. ಉದ್ದ ತೋಳು ನೋಡಿದಳು, ಮೋಟು ತೋಳು ನೋಡಿದಳು, ಗಾಯಕರ ಕಡೆ ತಿರುಗಿದಳು. ಆರಡಿ ದನಿ ಎದ್ದಿತು.

"ಏರುದನಿಯವರು ಕೈ ಎತ್ತಿ! ನೀವು ಮೋಟು ತೋಳು ನೋಡ್ಬೇಕು. ತಗ್ಗುದನಿ, ಉದ್ದ ತೋಳು. ಎಡ ಬಲ ಅನ್ನೋ ಮಾತು ಇವತ್ತಿಗೆ ಮರ್ತುಬಿಡಿ!"

"ಮೇಡಂ, ಎರಡೂ ಮೇಲೆ ಹೋದ್ರೆ?"

"ಎಲ್ರೂ ಬಾಯಿ ತೆಗೀರಿ. ಎರಡೂ ಇಳಿದ್ರೆ ಮುಚ್ಚಿ. ರೀ, ಏಳ್ರೀ! ಹಾಕ್ಕೊಳ್ಳಿ!"

ಹತ್ತು ನಿಮಿಷ ತಡವಾಗಿ ಪರದೆ ಸರಿಯಿತು. ಭಾವ ಸಭೆಗೆ ತಲೆಬಾಗಿದಾಗ ಮುಂದಿನ ಸಾಲು ಕಿಸಕ್ಕೆಂದಿತು. ಪರದೆಯ ಸಂದಿಯಲ್ಲಿ ಅಕ್ಕ ನನ್ನ ಮೊಣಕೈ ಹಿಂಡಿದಳು. ಭಾವ ತಿರುಗಿ, ಬರಿಯ ಎಡ ಮುಂಗೈಯನ್ನು ಮೇಲೆತ್ತಿದರು. ಏರುದನಿ ಎದ್ದಿತು, ಅದೊಂದೇ! ಉದ್ದ ತೋಳು ಎದ್ದಿತು, ತಗ್ಗುದನಿ ಬಂದು ಕೆಳಗೆ ಭದ್ರವಾಗಿ ಕೂತಿತು. ಮೂರು ತಿಂಗಳು ಒಬ್ಬರನ್ನೊಬ್ಬರು ತುಳಿದಾಡಿದ ಇಪ್ಪತ್ತು ಗಂಟಲು ಅಂದು ಒಂದೇ ಮನೆಯವರಂತೆ ಹಾಡಿದವು. ನಕ್ಕ ಸಾಲೇ ಮೊದಲು ಎದ್ದು ಚಪ್ಪಾಳೆ ತಟ್ಟಿತು. ಭಾವನ ಕಣ್ಣಲ್ಲಿ ನೀರು. ಒರೆಸಲು ಉದ್ದ ತೋಳು ಉಪಯೋಗಕ್ಕೆ ಬಂತು.

ಆಮೇಲೆ ಮೇಲಧಿಕಾರಿ ಹಿಂದಕ್ಕೆ ಬಂದರು, ಜೊತೆಗೆ ಅರ್ಧ ಸಭೆ. ಆ ಅರ್ಧ ಸಭೆಯಲ್ಲಿ ಮುಕ್ಕಾಲು ನನ್ನ ಗಿರಾಕಿಗಳು. "ವೃಂದ ಮುಂದುವರೀಲಿ," ಎಂದರು. "ಆದ್ರೆ ಹತ್ತು ನಿಮಿಷ ತಡ ಯಾಕಾಯ್ತು?"

ಹರಿದ ಕೋಟನ್ನು ನಾನು ಬೆನ್ನ ಹಿಂದೆ ಮುದ್ದೆ ಮಾಡಿದೆ. ಗಾಯಕರೆಲ್ಲ ಅಕ್ಕನ ಮುಖ ನೋಡಿದರು. ಅವಳು ನನ್ನನ್ನೊಮ್ಮೆ ನೋಡಿದಳು.

"ತಪ್ಪು ನಂದೇ ಸಾರ್. ಕೋಟು ಸರಿಯಾಗಿ ನೋಡಿ ತರಲಿಲ್ಲ."

ತಪ್ಪು ನಂದು! ಆ ಎರಡು ಪದ ಅವಳ ಬಾಯಲ್ಲಿ ಜೊತೆಯಾಗಿ ಬಂದದ್ದನ್ನು ನಾನಾಗಲಿ ಭಾವನಾಗಲಿ ಅದುವರೆಗೆ ಕೇಳಿದ್ದಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ: "ನನ್ನ ಕೋಟಿನ ವಿಷಯ ಹೇಳಿಬಿಡಬಹುದಿತ್ತಲ್ಲಕ್ಕ?"

"ಹೇಳಿದ್ರೆ ನಿನ್ನ ಅಂಗಡಿ ಮುಚ್ಚುತ್ತೆ. ಮುಚ್ಚಿದ್ರೆ ನೀನು ದಿನಾ ನಮ್ಮನೇಲಿ ಬಂದು ಕೂರ್ತೀಯ. ನನಗೆ ಪೂರೈಸಲ್ಲಪ್ಪ!"

ಆ ವಾರವೇ ಅಂಗಡಿಯ ಕೋಟುಗಳನ್ನೆಲ್ಲ ಕೆಳಗಿಳಿಸಿ ಬೆನ್ನಿಗೆ ಎರಡೆರಡು ಸಾಲು ಹೊಲಿಗೆ ಹಾಕಿಸಿದೆ. ಗಿರಾಕಿಗಳು ಈಗಲೂ ಬರುತ್ತಾರೆ, ನಂಬಿಕೆಯಿಂದ ಕೊಳ್ಳುತ್ತಾರೆ. ನನ್ನ ಅಂಗಡಿಯ ಹೆಸರು ಉಳಿದಿರುವುದು ಅಕ್ಕ ಅವತ್ತು ಬಾಯಿ ಬಿಡದೆ ನುಂಗಿದ ಒಂದು ಮಾತಿನಿಂದ. ಅದಕ್ಕೆ ನಾನು ಅವಳಿಗೆ ಋಣಿ.