ಗಣಪತಿ ಮಣೆಯ ಮೇಲೊಂದು ದೂರದರ್ಶಕ

ಕೈಗೆ ಸಿಕ್ಕ ಯಾವ ವಸ್ತುವನ್ನೂ ಇದ್ದ ಹಾಗೆ ಬಿಟ್ಟವಳಲ್ಲ ನಾನು. ಮಿಕ್ಸಿಯ ಮುಚ್ಚಳ, ಬಚ್ಚಲಿನ ನಲ್ಲಿ, ನಮ್ಮನೆಯವರ ಕನ್ನಡಕದ ಕಾಲು, ಎಲ್ಲದರ ಮೇಲೂ ನನ್ನ ಸುಧಾರಣೆಯ ಗುರುತಿದೆ. ಸುಧಾರಣೆಯ ನಂತರ ಅವು ಕೆಲಸ ಮಾಡಿದವೇ ಎಂಬುದು ಬೇರೆ ಪ್ರಶ್ನೆ. ಅದನ್ನು ಇಲ್ಲಿ ಎತ್ತುವುದು ಬೇಡ.

ಹೊಸನಗರ ರಸ್ತೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಟೀಚರ್. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಶನಿಗೆ ಬಳೆ ತೊಡಿಸಿ, ಚಂದ್ರನಿಗೆ ಗುಂಡಿ ತೋಡಿ ಸಾಕಾಗಿತ್ತು. ಒಮ್ಮೆಯಾದರೂ ನಿಜವಾದದ್ದನ್ನು ನೋಡಬೇಕು, ನಾಲ್ಕು ಜನಕ್ಕೆ ತೋರಿಸಬೇಕು ಎಂಬ ಆಸೆಯಿಂದ ಒಂದು ದೂರದರ್ಶಕ ತರಿಸಿದೆ. ಪೆಟ್ಟಿಗೆಯ ಮೇಲೆ ‘ಹೊಸಬರಿಗಾಗಿ’ ಎಂದು ಬರೆದಿತ್ತು. ನನಗೆ ಸ್ವಲ್ಪ ಅವಮಾನವೇ ಆಯಿತು.

ತಂದದ್ದು ಮಳೆಗಾಲದ ನಡುವೆ. ಸಾಗರದಲ್ಲಿ ಆ ಕಾಲಕ್ಕೆ ಆಕಾಶ ಎಂಬುದೊಂದು ಇದೆ ಎಂಬುದೇ ಮರೆತುಹೋಗಿರುತ್ತದೆ. ಆಕಾಶ ಕಾಣದಿದ್ದರೇನು, ದೂರದರ್ಶಕ ಕಾಣುತ್ತಿತ್ತಲ್ಲ! ಅದನ್ನೇ ಸುಧಾರಿಸಲು ಕೂತೆ.

ಮೊದಲಿಗೆ ಅದರ ಸ್ಟ್ಯಾಂಡು. ಮೂರು ಕಾಲೂ ಆಗತಾನೆ ಹುಟ್ಟಿದ ಕರುವಿನ ಕಾಲಿನಂತೆ ನಡುಗುತ್ತಿದ್ದವು. ಅದನ್ನು ಬಿಸಾಡಿ, ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಲಸಿನ ಮಣೆಯೊಂದನ್ನು ಇಳಿಸಿದೆ. ಮಣೆಯ ಕೆಳಗೊಂದು ಹಲಗೆ, ನಡುವೆ ಹಳೆಯ ಫ್ಯಾನಿನ ಬೇರಿಂಗು, ಬೇರಿಂಗಿಗೆ ಧಾರಾಳವಾಗಿ ಎಣ್ಣೆ. ಬೆರಳು ತಾಗಿಸಿದರೆ ಸಾಕು, ಮಣೆ ಸುಯ್ಯೆಂದು ತಿರುಗುತ್ತಿತ್ತು. ಅದರ ಮೇಲೆ ಕೊಳವೆಯನ್ನು ಕೂರಿಸುವುದಕ್ಕೂ ತೆಗೆಯುವುದಕ್ಕೂ ಬರುವಂಥ ಮರದ ತೊಟ್ಟಿಲು ಮಾಡಿದೆ. ಇಬ್ಬನಿ ಬೀಳದಿರಲೆಂದು ಕೊಳವೆಯ ಮೂತಿಗೆ ಅಡಿಕೆ ಹಾಳೆಯ ಟೊಪ್ಪಿ ಕಟ್ಟಿದೆ. ದೂರದರ್ಶಕ ಅಡಿಕೆ ಕೊನೆ ಕೊಯ್ಯಲು ಹೊರಟಂತೆ ಕಾಣುತ್ತಿತ್ತು.

ಕೊನೆಯದಾಗಿ, ಗುರಿ ಹಿಡಿಯಲೆಂದು ಕೊಳವೆಯ ಬೆನ್ನ ಮೇಲಿರುವ ಪುಟ್ಟ ದುರ್ಬೀನು. ಅದರ ತಿರುಪುಗಳು ಪದೇ ಪದೇ ಸಡಿಲವಾಗುತ್ತಿದ್ದವು. ತಿರುಪುಗಳನ್ನೇ ಕಿತ್ತು, ಗಟ್ಟಿ ಅಂಟು ಮೆತ್ತಿ ಅದನ್ನು ಶಾಶ್ವತವಾಗಿ ಕೂರಿಸಿದೆ. ಎಷ್ಟು ಎಳೆದರೂ ಅಲುಗಲಿಲ್ಲ! ಪೇಟೆಂಟ್ ತೆಗೆದುಕೊಳ್ಳುವ ವಿಚಾರವೂ ಒಂದು ಕ್ಷಣ ಮನಸ್ಸಿಗೆ ಬಂದುಹೋಯಿತು.

ಅಷ್ಟರಲ್ಲಿ ಚೌತಿ ಬಂತು. ಹಬ್ಬದ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಪಂಚಕಜ್ಜಾಯ ಕಲೆಸುತ್ತಿದ್ದೆ. ಅತ್ತೆ ನಮ್ಮನೆಯವರಿಗೆ ಹೇಳಿದ್ದು ಕೇಳಿಸಿತು.

“ಅಟ್ಟದ ಮೇಲೆ ಗಣಪತಿ ಕೂರ್ಸೋ ಮಣೆ ಇದೆ, ತಗೊಂಬಾ.”

ನನ್ನ ಕೈ ಪಂಚಕಜ್ಜಾಯದೊಳಗೇ ನಿಂತಿತು. ವರ್ಷಕ್ಕೊಮ್ಮೆ ಮಾತ್ರ ಅಟ್ಟದಿಂದ ಇಳಿಯುವ ಮಣೆಯದು! ನಮ್ಮನೆಯವರು ಅಟ್ಟವೆಲ್ಲ ಹುಡುಕಿ, ಕೊನೆಗೆ ನನ್ನ ಮೇಜಿನ ಮೇಲಿಂದ ಅದನ್ನು ಎತ್ತಿಕೊಂಡು ಬಂದರು. ಕೊಳವೆ ಮತ್ತು ತೊಟ್ಟಿಲನ್ನು ತೆಗೆದಿಟ್ಟಿದ್ದರು. ಅವರಿಗೆ ಕನ್ನಡಕ ಇರಲಿಲ್ಲ. ಅದರ ಕಾಲನ್ನು ನಾನು ಸುಧಾರಿಸಿದ್ದೆನಲ್ಲ. ಅತ್ತೆ ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ ಗಣಪತಿಯನ್ನು ಕೂರಿಸಿಯೇಬಿಟ್ಟರು. ಬಾಯಿ ತೆರೆದರೆ ಹಬ್ಬ ಕೆಡುತ್ತದೆ ಎಂದು ನಾನು ಸುಮ್ಮನಾದೆ. ದೇವರ ಭಾರಕ್ಕೆ ಬೇರಿಂಗು ಸುಮ್ಮನಿದ್ದೀತು ಎಂಬ ನಂಬಿಕೆ ನನ್ನದು.

ಮಂಗಳಾರತಿ ಶುರುವಾಯಿತು. ಜಾಗಟೆ, ಗಂಟೆ, ಅಕ್ಕಪಕ್ಕದವರೆಲ್ಲ ಕೈಮುಗಿದು ನಿಂತಿದ್ದಾರೆ. ಅತ್ತೆ ಆರತಿ ಎತ್ತುವಾಗ ಅವರ ಸೆರಗು ವಸ್ತ್ರದ ಅಂಚಿಗೆ ಸಿಕ್ಕಿತು. ಗಣಪತಿ ನಿಧಾನವಾಗಿ, ಬಹಳ ಗಾಂಭೀರ್ಯದಿಂದ, ಅಡುಗೆಮನೆಯ ಕಡೆ ಮುಖ ತಿರುಗಿಸಿದ!

“ಅಯ್ಯಯ್ಯೋ, ಚಕ್ಕುಲಿ ಡಬ್ಬಿ ಕಡೆ ನೋಡ್ತಾ ಇದಾನೆ!” ಎಂದು ಪಕ್ಕದ ಮನೆಯ ಸುಮಕ್ಕ ಕೆನ್ನೆ ಬಡಿದುಕೊಂಡರು.

ಪವಾಡ ಬಹಳ ಹೊತ್ತು ಉಳಿಯಲಿಲ್ಲ. ಅತ್ತೆ ವಸ್ತ್ರ ಎತ್ತಿ ನೋಡಿದರು, ಬೇರಿಂಗು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗಣಪತಿಯನ್ನು ಬೇರೆ ಮಣೆಗೆ ದಾಟಿಸಿ, ಎಣ್ಣೆ ಹತ್ತಿದ ಮಣೆಯನ್ನು ನನ್ನ ಕೈಗೆ ಕೊಟ್ಟರು.

“ದೇವರ ಮಣೆ ಕೊರೆದು ಎಂತದೋ ಮಾಡಿದ್ಯಲ್ಲೇ, ಇವತ್ತು ಸಂಜೆ ಅದ್ರಲ್ಲಿ ಏನಾದ್ರೂ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ನಾಳೆ ಬೆಳಿಗ್ಗೆ ಅದು ಅಟ್ಟಕ್ಕೆ. ನಾನಿರೋ ತನಕ ಇಳಿಯೋದಿಲ್ಲ.”

ಅತ್ತೆ ಹೇಳಿದರೆ ಮುಗಿಯಿತು. ಒಂದು ನಕ್ಷತ್ರವನ್ನೂ ನೋಡದ ದೂರದರ್ಶಕ ಅಟ್ಟ ಸೇರುವುದೆಂದರೆ ಏನು ಸಂಕಟ!

ಸಂಜೆ ಮೋಡ ಒಡೆಯಿತು. ತಿಂಗಳುಗಟ್ಟಲೆ ಕಾಣದ ಆಕಾಶ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯಿತು. ಕಷ್ಟವೆಂದರೆ, ಪಡುವಣದಲ್ಲಿ ಚೌತಿಯ ಚಂದ್ರನೂ ಹೊಳೆಯುತ್ತಿದ್ದ. ಅವನನ್ನು ನೋಡಿದವರಿಗೆ ಸುಳ್ಳು ಅಪವಾದ ತಪ್ಪಿದ್ದಲ್ಲ ಎಂಬುದು ನಮ್ಮ ಕೇರಿಯಲ್ಲಿ ಮಕ್ಕಳಿಗೂ ಗೊತ್ತು. ನಾನು ವಿಜ್ಞಾನದವಳು, ನನಗೆ ಹೆದರಿಕೆಯಿಲ್ಲ. ಅತ್ತೆಯ ಹೆದರಿಕೆ ಮಾತ್ರ ಇದೆ. ಚಂದ್ರನ ಸಮೀಪದಲ್ಲೇ ಚಿತ್ರಾ ನಕ್ಷತ್ರ ಮಿನುಗುತ್ತಿತ್ತು. ಅದನ್ನೇ ತೋರಿಸುವುದೆಂದು ತೀರ್ಮಾನಿಸಿದೆ.

ಹಿತ್ತಲಿಗೆ ಜನ ಬಂದರು. ನಕ್ಷತ್ರ ನೋಡಲು ಬಂದವರು ಎಲ್ಲರೂ ನೆಲ ನೋಡುತ್ತ ಬಂದರು! ಸುಮಕ್ಕ ತಲೆಯ ಮೇಲೆ ಸೆರಗು ಹೊದ್ದಿದ್ದರು. ಒಬ್ಬರಂತೂ ಕೊಡೆ ಬಿಡಿಸಿಕೊಂಡು ಬಂದಿದ್ದರು. ಅತ್ತೆಗೆ ಸಮಾಧಾನವಾಗಲೆಂದು ನಾನೂ ಚಂದ್ರನ ಕಡೆಗೆ ಅಂಗೈ ಅಡ್ಡ ಹಿಡಿದು, ಪುಟ್ಟ ದುರ್ಬೀನಿನಲ್ಲಿ ಮಾತ್ರ ಕಣ್ಣಿಟ್ಟು ಚಿತ್ರಾ ನಕ್ಷತ್ರವನ್ನು ಸರಿಯಾಗಿ ನಡುವೆ ತಂದೆ. ಅತಿ ದೊಡ್ಡದಾಗಿ ತೋರಿಸುವ ಮಸೂರ ಹಾಕಿದೆ. ಮೊದಲು ಹಿರಿಯರು ನೋಡಬೇಕಲ್ಲ. “ಬನ್ನಿ ಅತ್ತೆ” ಎಂದೆ.

ಅತ್ತೆ ಬಗ್ಗಿ ಕಣ್ಣಿಟ್ಟರು. ಇಟ್ಟ ಕಣ್ಣು ತೆಗೆಯಲೇ ಇಲ್ಲ.

“ಎಂತ ಕಾಣ್ತದೆ ಅತ್ತೆ?”

“ಮಾರಾಯ್ತಿ… ಎಂಥಾ ಚಂದ! ಬೆಳ್ಳಗೆ, ತೂತು ತೂತು, ನೀರುದೋಸೆ ಹಾಗೆ! ಸುಮಾ, ಬಾರೇ ಇಲ್ಲಿ!”

ಸುಮಕ್ಕ ನೋಡಿದರು, ಕೊಡೆಯವರು ನೋಡಿದರು, ಸಾಲಾಗಿ ಇಡೀ ಕೇರಿ ನೋಡಿತು. “ನಕ್ಷತ್ರದಲ್ಲಿ ಇಷ್ಟೆಲ್ಲ ಇರ್ತದಾ!” ಎಂದು ಎಲ್ಲರೂ ಬೆರಗಾದರು. “ನಮ್ಮ ಸೊಸೆ ಕೈಯಾರೆ ರೆಡಿ ಮಾಡಿದ್ದು ಇದನ್ನ” ಎಂದು ಅತ್ತೆ ಹೇಳಿದರು. ಬೆಳಿಗ್ಗೆ ಅಟ್ಟದ ಮಾತಾಡಿದ್ದ ಅದೇ ಅತ್ತೆ! ನನ್ನ ಎದೆ ಉಬ್ಬಿತು. ಸುಳ್ಳೇಕೆ ಹೇಳಲಿ, ಮದುವೆಯ ದಿನವೂ ಅಷ್ಟು ಹೆಮ್ಮೆಯಿಂದ ನಿಂತಿರಲಿಲ್ಲ.

ಆದರೂ ನೀರುದೋಸೆ ಎಂಬ ಮಾತು ಮನಸ್ಸಿಗೆ ಚುಚ್ಚುತ್ತಿತ್ತು. ನಕ್ಷತ್ರ ಎಷ್ಟು ದೊಡ್ಡ ದೂರದರ್ಶಕದಲ್ಲೂ ಒಂದು ಚುಕ್ಕಿಯೇ. ಎಲ್ಲರದೂ ಮುಗಿದ ಮೇಲೆ ನಾನೂ ಬಗ್ಗಿದೆ. ಕಣ್ಣ ತುಂಬ ಗುಂಡಿ, ದಿಬ್ಬ, ಉದ್ದುದ್ದ ನೆರಳು! ನಾನು ಕರಿಹಲಗೆಯ ಮೇಲೆ ತೋಡಿದ ಗುಂಡಿಗಳೆಲ್ಲ ಅಲ್ಲಿ ನಿಜವಾಗಿ ಇದ್ದವು. ಒಂದು ಕ್ಷಣ ಮೈಮರೆತು ನೋಡಿದೆ. ಮರುಕ್ಷಣ ವಿಷಯ ಹೊಳೆಯಿತು. ಶಾಶ್ವತವಾಗಿ ಕೂರಿಸಿದ್ದ ಪುಟ್ಟ ದುರ್ಬೀನನ್ನು ನಾನು ಶಾಶ್ವತವಾಗಿ ಸೊಟ್ಟಗೆ ಕೂರಿಸಿದ್ದೆ! ಅದು ಚಿತ್ರಾ ನಕ್ಷತ್ರ ನೋಡುತ್ತಿದ್ದಾಗ ದೊಡ್ಡ ಕೊಳವೆ ಪಕ್ಕದ ಚಂದ್ರನನ್ನು ನೋಡುತ್ತಿತ್ತು. ಬರಿಗಣ್ಣಿಗೂ ಬೇಡವಾದ ಚೌತಿಯ ಚಂದ್ರನನ್ನು ಇಡೀ ಕೇರಿಗೆ ದೊಡ್ಡದು ಮಾಡಿ ತೋರಿಸಿದ್ದೆ.

ನಾನು ತುಟಿ ಬಿಗಿದು ಹಿಂದೆ ಸರಿದೆ. ಕೊನೆಯವರಾಗಿ ನಮ್ಮನೆಯವರು ಬಂದರು. ಬಗ್ಗಿ ನೋಡಿ, ಊರಿಗೆಲ್ಲ ಕೇಳುವಂತೆ ಹೇಳಿದರು.

“ಇದು ಚಂದ್ರ ಅಲ್ವನೇ?”

ಕೊಡೆಯವರು ಕೊಡೆಯನ್ನು ಕಣ್ಣಿನವರೆಗೂ ಇಳಿಸಿಕೊಂಡರು.

“ಅಯ್ಯೋ ದೇವ್ರೇ!” ಸುಮಕ್ಕ ಅಳುವಂತಾದರು. “ನಾಡಿದ್ದು ತೀರ್ಥಹಳ್ಳಿಯಿಂದ ಮಗಳನ್ನ ನೋಡೋಕೆ ಬರ್ತಾ ಇದಾರೆ. ಈಗ ಎಂಥಾ ಅಪವಾದ ಕಾದಿದೆಯೋ!”

ಅತ್ತೆ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದರು. ಆಕಾಶದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ಇವನಿಗೆ ಕನ್ನಡಕ ಇಲ್ದೆ ಎಂತ ಗೊತ್ತಾಗ್ತದೆ? ವಿಜ್ಞಾನ ಓದಿದೋಳು ನೀನು. ನಕ್ಷತ್ರ ಅಂತ ನೀನೇ ತೋರ್ಸಿದ್ದು. ಎಲ್ಲರ ಎದುರಿಗೆ ಹೇಳು, ನಾವು ನೋಡಿದ್ದು ಎಂತದು?”

ಎಲ್ಲರ ಕಣ್ಣೂ ನನ್ನ ಮೇಲೆ. ಸುಮಕ್ಕ ಕೈಮುಗಿದೇ ನಿಂತಿದ್ದರು. ನಿಜ ಹೇಳಿದರೆ ದೂರದರ್ಶಕ ಅಟ್ಟಕ್ಕೆ, ಸುಮಕ್ಕನ ನಿದ್ದೆ ಹಾಳು. ಸುಳ್ಳು ಹೇಳಿದರೆ ಇಷ್ಟು ವರ್ಷ ಕಲಿಸಿದ ಪಾಠವೆಲ್ಲ ಹೊಳೆಪಾಲು.

“ನಕ್ಷತ್ರ ಅತ್ತೆ” ಎಂದೆ. “ಚಿತ್ರಾ ನಕ್ಷತ್ರ.”

ಕೇರಿ ನಿಟ್ಟುಸಿರು ಬಿಟ್ಟಿತು. ಕೊಡೆಯವರು ಕೊಡೆ ಮಡಚಿದರು. ಅತ್ತೆ ನನ್ನ ಕೈಗೆ ಒಂದು ಚಕ್ಕುಲಿ ಕೊಟ್ಟು, “ನಾಳೆಯೂ ತೋರ್ಸು” ಎಂದರು.

ಸೋಮವಾರ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ನಕ್ಷತ್ರದಲ್ಲಿ ಗುಂಡಿ ಇರ್ತದಂತೆ, ನೀವೇ ತೋರ್ಸಿದ್ರಂತೆ?” ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನವಳು ಉತ್ತರಿಸಿದಳು. “ಪಾಪ, ಟೀಚರಿಗೆ ಚಂದ್ರ ಯಾವ್ದು, ನಕ್ಷತ್ರ ಯಾವ್ದು ಗೊತ್ತಾಗಲ್ವಂತೆ ಕಣೇ.”

ಇಡೀ ಕೇರಿಗೆ ಹಂಚಿಹೋಗಬೇಕಿದ್ದ ಅಪವಾದ ಹೀಗೆ ಒಟ್ಟಿಗೆ ನನ್ನೊಬ್ಬಳ ತಲೆಗೆ ಬಂತು. ಇರಲಿ. ನನ್ನ ದೂರದರ್ಶಕ ಈಗಲೂ ಹಿತ್ತಲಿನಲ್ಲೇ ಇದೆ, ಅತ್ತೆ ದಿನಾ ಅದರ ಧೂಳು ಒರೆಸುತ್ತಾರೆ. ಅಟ್ಟಕ್ಕೆ ಹೋದದ್ದು ನನ್ನ ಬಿ.ಎಸ್ಸಿ. ಮಾತ್ರ!