ಬೀರು ಅಂದರೆ ನಿಲ್ಲುವ ಲಾರಿ

ನನ್ನ ಹೆಂಡತಿ ದಿನಾ ಸಂಜೆ ಲಾರಿ ಓಡಿಸುತ್ತಾಳೆ. ಗಾಬರಿಯಾಗಬೇಡಿ, ಲಾರಿ ಇರುವುದು ಕಂಪ್ಯೂಟರಿನ ಆಟವೊಂದರ ಒಳಗೆ. (ಗಾಬರಿಯಾಗುವ ಕೆಲಸ ಈ ಮನೆಯಲ್ಲಿ ನನ್ನದು. ಅದನ್ನು ಇನ್ನೊಬ್ಬರಿಗೆ ನಾನು ಬಿಟ್ಟುಕೊಟ್ಟಿಲ್ಲ.) ಹಗಲೆಲ್ಲ ಅವಳು ಲಾರಿ ಬುಕಿಂಗ್ ಆಫೀಸಿನಲ್ಲಿ ಕೂತು, ಯಾವ ಲಾರಿ ಎಲ್ಲಿಗೆ ಹೋಗಬೇಕು, ಹೋಗಿದ್ದು ಯಾಕೆ ಇನ್ನೂ ಬಂದಿಲ್ಲ ಎಂದು ಫೋನಿನಲ್ಲಿ ಡ್ರೈವರುಗಳನ್ನು ಗದರುತ್ತಾಳೆ. ಸಂಜೆ ಮನೆಗೆ ಬಂದು ತಾನೇ ಡ್ರೈವರಾಗುತ್ತಾಳೆ. ಆಗ ಅವಳನ್ನು ಗದರುವವರು ಯಾರೂ ಇಲ್ಲ. ನಾನಂತೂ ಅಲ್ಲವೇ ಅಲ್ಲ.

ಅವಳ ಲಾರಿಯ ಹಿಂದೆ ಇನ್ನೊಂದು ಲಾರಿ ಬರುತ್ತದೆ. ಅದನ್ನು ಓಡಿಸುವವಳು ಅವಳ ತಂಗಿ, ನನ್ನ ನಾದಿನಿ. ಬೇರೆ ಊರಿನಲ್ಲಿದ್ದಾಳೆ, ನಿಜವಾಗಿಯೂ ಶಾಲೆಯ ವ್ಯಾನ್ ಓಡಿಸುತ್ತಾಳೆ. ಇಬ್ಬರೂ ತಂತಮ್ಮ ಮನೆಯಲ್ಲಿ ಕೂತು, ಒಂದೇ ರಸ್ತೆಯಲ್ಲಿ ಹಿಂದುಮುಂದಾಗಿ ಲಾರಿ ಬಿಟ್ಟುಕೊಂಡು, ಸ್ಪೀಕರಿನಲ್ಲಿ ಗಟ್ಟಿಯಾಗಿ ಮಾತಾಡುತ್ತಾರೆ. ಬಟ್ಟೆ ಒಗೆಯುವ ಸೋಪಿನಿಂದ ಹಿಡಿದು ಭುಜದ ನೋವಿನವರೆಗೆ ಎಲ್ಲವೂ ಆ ರಸ್ತೆಯಲ್ಲೇ ಚರ್ಚೆಯಾಗುತ್ತದೆ.

ಇದೇನು ಮಹಾ ಎನ್ನಬೇಡಿ. ಇವರಿಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ನನ್ನ ಅತ್ತೆ ತೀರಿಕೊಂಡ ಮೇಲೆ ಅವರ ಕಬ್ಬಿಣದ ಬೀರು ನಮ್ಮ ಮನೆಗೆ ಬಂತು, ಅದರ ಹಿಂದೆಯೇ ಜಗಳವೂ ಬಂತು. ಆಮೇಲೆ ಫೋನ್ ಮಾಡಿದರೆ "ಹೂಂ, ಎಲ್ಲಾ ಆರಾಮ" ಎನ್ನುವುದರೊಳಗೆ ಮಾತು ಮುಗಿದು ಇಬ್ಬರೂ ಉಸಿರು ಬಿಡುವುದಷ್ಟೇ ಕೇಳಿಸುತ್ತಿತ್ತು. ಲಾರಿಯಲ್ಲಾದರೆ ಕಣ್ಣು ರಸ್ತೆಯ ಮೇಲೆ, ಕೈ ಸ್ಟೀರಿಂಗಿನ ಮೇಲೆ. ಬಿಡುವಿರುವುದು ಬಾಯಿಗೆ ಮಾತ್ರ. ಹಾಗಾಗಿ ಬಾಯಿ ತಾನಾಗಿಯೇ ಮಾತಾಡಲು ಶುರುಮಾಡಿತು. ಒಂದು ಸಂಜೆ ಇವಳು ತಂಗಿಯ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕಿದ್ದು ಕೇಳಿ, ನಾನು ಅಡುಗೆಮನೆಯಿಂದ ಓಡಿಬಂದು ನೋಡಿದೆ. ಅಂಥ ನಗು ಕೇಳಿ ಬಹಳ ಕಾಲವಾಗಿತ್ತು.

ತೊಂದರೆ ನಮ್ಮ ಹಳೆಯ ಲ್ಯಾಪ್‌ಟಾಪಿನದು. ಲಾರಿ ಓಡುತ್ತ ಓಡುತ್ತ ಗಕ್ಕೆಂದು ನಿಂತುಬಿಡುತ್ತಿತ್ತು. ಲಾರಿಯ ಜೊತೆಗೆ ಚಿತ್ರವೂ ನಿಂತು, ಮಾತೂ ನಿಂತು, ಹೆಂಡತಿ ಮೇಜು ಗುದ್ದುವುದು ಮಾತ್ರ ಮುಂದುವರಿಯುತ್ತಿತ್ತು. ಅದು ಯಾವಾಗ ಬೇಕಾದರೂ ನಿಲ್ಲಲಿ, ನನ್ನ ತಕರಾರಿಲ್ಲ. ಆದರೆ ಅದೇನು ಶನಿಯೋ, ತಂಗಿ ಬೀರುವಿನ ಸುದ್ದಿ ಎತ್ತಿದಾಗಲೇ ನಿಲ್ಲಬೇಕೆ?

"ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಮ್ಮನ ಬೀರು..." ಎಂದಳು ಒಂದು ದಿನ. ಲಾರಿ ನಿಂತಿತು. ಇನ್ನೊಂದು ದಿನ ಸೇತುವೆಯ ಮೇಲೆ, "ಅವತ್ತು ಆ ಬೀರು ವಿಷಯದಲ್ಲಿ..." ಎಂದಳು. ಲಾರಿ ಸೇತುವೆಯ ಮೇಲೆಯೇ ನಿಂತಿತು. ಮೂರನೆಯ ಸಲ ನಿಂತು ಮತ್ತೆ ಹೊರಟಾಗ ಆ ಕಡೆಯಿಂದ ಬಂದ ತಂಗಿಯ ದನಿಯೇ ಬದಲಾಗಿತ್ತು.

"ಬೀರು ಅಂದ ತಕ್ಷಣ ನಿನ್ ಲಾರಿ ಯಾಕಕ್ಕ ನಿಲ್ಲತ್ತೆ? ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು. ಆಟಕ್ಕೂ ಬರಲ್ಲ, ಮಾತಿಗೂ ಬರಲ್ಲ."

"ಅಯ್ಯೋ, ದೇವರಾಣೆಗೂ ಲ್ಯಾಪ್‌ಟಾಪು ಕಣೇ ಪುಟ್ಟಿ!"

"ಹೂಂ, ಇರ್ಬೋದು ಬಿಡು," ಎಂದಳು ಪುಟ್ಟಿ. ಆ 'ಬಿಡು' ಕೇಳಿ ಹೆಂಡತಿಯ ಮುಖ ಬಾಡಿಹೋಯಿತು.

ಮರುದಿನವೇ ಅವಳು ಆಫೀಸಿನ ಬೋನಸ್ ಹಣ ತಂದು ಮೇಜಿನ ಮೇಲಿಟ್ಟಳು. "ರೀ, ಆಟ ಆಡೋ ಕಂಪ್ಯೂಟರ್ ತಗೊಳ್ಳೋಣ. ಈ ದುಡ್ಡೊಳಗೇ ಎಲ್ಲಾ ಮುಗೀಬೇಕು. ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರ್ಬೇಕಂತೆ. ನಾನು ಆಫೀಸಲ್ಲಿ ಒಬ್ರನ್ನ ಕೇಳ್ತೀನಿ."

"ಮನೆಯಲ್ಲಿ ನಾನಿರುವಾಗ ಆಫೀಸಿನಲ್ಲಿ ಕೇಳೋದೇನು?" ಎಂದುಬಿಟ್ಟೆ. ಸಮಸ್ತ ಪೀಕಲಾಟವೂ ಶುರುವಾದದ್ದು ಈ ಒಂದು ವಾಕ್ಯದಿಂದ.

ನನ್ನ ಬಗ್ಗೆ ನಿಮಗೆ ಹೇಳಲಿಲ್ಲ. ನಾನು ಅಗ್ನಿ ವಿಮೆಯ ಸರ್ವೇಯರ್. ಅಂಗಡಿ, ಗೋದಾಮು, ಮನೆ, ಏನು ಸುಟ್ಟರೂ ಮಾರನೆಯ ದಿನ ಹೋಗಿ ಬೂದಿ ಕೆದಕಿ, ಬೆಂಕಿ ಎಲ್ಲಿ ಹುಟ್ಟಿತು ಎಂದು ವರದಿ ಬರೆಯುವವನು. ಆಮೇಲೆ ಆ ಕೋಣೆಯ ಬಾಗಿಲು ಮುಚ್ಚಿ, ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿ ಬರುತ್ತೇನೆ. ಆ ಸಹಿಯನ್ನು ಯಾರೂ ಹರಿಯುವಂತಿಲ್ಲ. ಇಂಥ ವೃತ್ತಿಯಲ್ಲಿ ಇಷ್ಟು ಕಾಲ ಕಳೆದವನಿಗೆ ಪ್ರಪಂಚದ ವಸ್ತುಗಳೆಲ್ಲ ಎರಡೇ ಬಗೆಯಾಗಿ ಕಾಣುತ್ತವೆ: ಸುಟ್ಟವು ಮತ್ತು ಇನ್ನೂ ಸುಡದೇ ಇರುವವು.

ಗ್ರಾಫಿಕ್ಸ್ ಕಾರ್ಡ್ ಎಂದರೆ, ನನ್ನಂಥ ಅಜ್ಞಾನಿಗಳಿಗಾಗಿ ಹೇಳುತ್ತೇನೆ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಆಟದ ಚಿತ್ರಗಳನ್ನು ಬಿಡಿಸುವ ಹಲಗೆ. ಅದಕ್ಕೆ ಶಕ್ತಿ ಇದ್ದರೆ ಚಿತ್ರ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಅಂಗಡಿಯವರು ತೋರಿಸಿದ ಮೊದಲ ಕಾರ್ಡಿಗೇ ಮೂರು ಫ್ಯಾನುಗಳಿದ್ದವು.

"ಇದಕ್ಕೆ ಫ್ಯಾನ್ ಯಾಕೆ?"

"ಬಿಸಿ ಆಗತ್ತಲ್ಲ ಸಾರ್."

"ಎಷ್ಟು ಬಿಸಿ?"

ಅವರು ಹೇಳಿದರು. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅಷ್ಟು ಬಿಸಿಯಾಗುವ ವಸ್ತುವನ್ನು ಕಿಟಕಿಯ ಪರದೆಯ ಪಕ್ಕದಲ್ಲಿಟ್ಟು ಹೆಂಡತಿಯನ್ನು ಅದರ ಮುಂದೆ ಕೂರಿಸುವುದೇ? ಎರಡು ಫ್ಯಾನಿನದು ನೋಡಿದೆ. ಒಂದು ಫ್ಯಾನಿನದು ನೋಡಿದೆ. ಫ್ಯಾನೇ ಇಲ್ಲದ್ದು ಇದೆಯೇ ಎಂದು ಕೇಳಿದೆ. "ಇದೆ ಸಾರ್, ಆದ್ರೆ ಅದ್ರಲ್ಲಿ ಲಾರಿ ಓಡಲ್ಲ, ತಳ್ಳಬೇಕಾಗತ್ತೆ," ಎಂದರು. ಹಳೆಯದು ಅಗ್ಗಕ್ಕೆ ಸಿಗುತ್ತದೆ ಎಂದರು. ಹಿಂದಿನ ಮಾಲೀಕ ಅದನ್ನು ಎಷ್ಟು ಕಾಯಿಸಿದ್ದನೋ ಎಂದು ಯೋಚಿಸಿಯೇ ಬೆವರಿದೆ.

ಅಲ್ಲಿಂದ ನನ್ನ ಊಟ, ಸ್ನಾನ, ಆಫೀಸು ಎಲ್ಲವೂ ಗ್ರಾಫಿಕ್ಸ್ ಕಾರ್ಡುಮಯವಾಯಿತು. ಇಂಟರ್ನೆಟ್ಟಿನಲ್ಲಿ ಕೊಂಡವರ ಅಭಿಪ್ರಾಯಗಳನ್ನು ಓದಿದೆ. ಒಂದೇ ಕಾರ್ಡನ್ನು ಒಬ್ಬರು ಅಮೃತ ಎಂದರೆ ಇನ್ನೊಬ್ಬರು ವಿಷ ಎನ್ನುತ್ತಿದ್ದರು. ಎಲ್ಲ ರೀತಿಯಿಂದಲೂ ಒಪ್ಪಿಗೆಯಾಗಿದ್ದ ಒಂದು ಕಾರ್ಡಿನ ಕೆಳಗೆ ಯಾರೋ 'ಬೆಂಕಿ ಕಾರ್ಡ್ ಗುರೂ!' ಎಂದು ಬರೆದಿದ್ದರು. ಹೊಗಳಿಕೆಯೇ ಇರಬಹುದು, ಆದರೆ ನಾನು ಅದನ್ನು ಆ ಕ್ಷಣವೇ ಕೈಬಿಟ್ಟೆ. ಕಡಿಮೆ ಬಿಸಿಯದಕ್ಕೆ ಶಕ್ತಿ ಸಾಲದು, ಶಕ್ತಿ ಇರುವುದಕ್ಕೆ ಬೋನಸ್ ಸಾಲದು, ಎರಡೂ ಸರಿಯಿರುವುದು ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಹಿಡಿಸದು. ನನ್ನನ್ನು ದೂರದಿಂದ ಕಂಡರೆ ಅಂಗಡಿಯವರು ಒಳಗೆ ಹೋಗಿ ನೀರು ಕುಡಿದು ಬರತೊಡಗಿದರು.

"ನನ್ನನ್ನ ಒಪ್ಪಿಕೊಳ್ಳೋಕೆ ಕಾಲು ಗಂಟೆ ತಗೊಂಡಿದ್ರಿ," ಎಂದಳು ಹೆಂಡತಿ.

"ಆಗ ನನಗೆ ಅನುಭವ ಇರಲಿಲ್ಲ," ಎಂದೆ. ಅವತ್ತಿನ ರಾತ್ರಿಯ ಪಾತ್ರೆಗಳನ್ನು ನಾನೇ ತೊಳೆದೆ.

ಅಷ್ಟರಲ್ಲಿ ಪುಟ್ಟಿ ವಾರಕ್ಕೊಮ್ಮೆ ಆಟಕ್ಕೆ ಬರುವುದೂ ಅಪರೂಪವಾಗಿತ್ತು. ಬಂದರೂ ಹವಾಮಾನದ ಬಗ್ಗೆ ಮಾತ್ರ ಮಾತು, ಅದೂ ಆಟದೊಳಗಿನ ಹವಾಮಾನ. ಹೆಂಡತಿ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಬೈದಿದ್ದರೆ ನಾನು ಇನ್ನೂ ಸ್ವಲ್ಪ ದಿನ ಹುಡುಕುತ್ತಿದ್ದೆ. ಆ ನೋಟ ತಡೆಯಲಾರದೆ ಎರಡು ಫ್ಯಾನಿನ, ಮಧ್ಯಮ ಬಿಸಿಯ, ಮಧ್ಯಮ ಶಕ್ತಿಯ ಕಾರ್ಡೊಂದನ್ನು, ಅದರ ಜೊತೆಗೆ ಹೊಸ ಕಂಪ್ಯೂಟರಿನ ಪೆಟ್ಟಿಗೆ, ಮಾನಿಟರುಗಳನ್ನೂ ಕಣ್ಣುಮುಚ್ಚಿ ಕೊಂಡುಬಂದೆ.

ಅಂಗಡಿಯವರು ತಾವೇ ಜೋಡಿಸಿಕೊಡುತ್ತೇವೆ ಎಂದರು. ಒಂದೊಂದು ತಿರುಪನ್ನೂ ಕಣ್ಣಾರೆ ನೋಡದೆ ನಾನು ಯಾವ ವಿದ್ಯುತ್ ಉಪಕರಣವನ್ನೂ ಮನೆಯೊಳಗೆ ಬಿಡುವುದಿಲ್ಲವಾದ್ದರಿಂದ, ನಾನೇ ಜೋಡಿಸಿದೆ. ಪಕ್ಕದಲ್ಲಿ ಒಂದು ಬಕೆಟ್ ಮರಳು ಇಟ್ಟುಕೊಂಡಿದ್ದೆ. ಕೊನೆಗೆ ಮಾನಿಟರಿನ ವೈರು ಸಿಕ್ಕಿಸುವ ಘಟ್ಟ ಬಂತು. ಪೆಟ್ಟಿಗೆಯ ಹಿಂದೆ ಅದಕ್ಕೆ ಎರಡು ಜಾಗಗಳಿದ್ದವು. ಮೇಲಿನ ತೂತು ಬರಿದಾಗಿ ತೆರೆದಿತ್ತು. ಕೆಳಗೆ, ಹೊಸ ಕಾರ್ಡಿನ ತೂತುಗಳಿಗೆಲ್ಲ ಪುಟ್ಟ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಕಿತ್ತು. ಕಂಪನಿಯವರೇ ಮುಚ್ಚಿ ಕಳಿಸಿದ್ದಾರೆ ಅಂದರೆ ಅದನ್ನು ಮುಟ್ಟಬಾರದು ಅಂತಲೇ ಅರ್ಥ ಎಂದು ನನ್ನ ಇಷ್ಟು ವರ್ಷದ ಅನುಭವ ಹೇಳಿತು. ವೈರನ್ನು ಮೇಲೆ ಸಿಕ್ಕಿಸಿದೆ. ಕೆಳಗಿನ ಮುಚ್ಚಳಗಳು ಕಳಚಿ ಧೂಳು ಹೋಗಿ ಕಿಡಿ ಹತ್ತಬಾರದಲ್ಲ ಎಂದು, ಅವುಗಳ ಮೇಲೆ ಅಂಟುಪಟ್ಟಿಯನ್ನೂ ಹಚ್ಚಿದೆ. ಕೈ ಸುಮ್ಮನಿರಲಿಲ್ಲ, ಅಡ್ಡಲಾಗಿ ಸಹಿಯನ್ನೂ ಹಾಕಿತು.

ಸಂಜೆ ಪುಟ್ಟಿಯನ್ನು ಕರೆದದ್ದಾಯಿತು. ಲಾರಿ ಹೊರಟಿತು. ನಾನು ಹಿಂದೆ ನಿಂತು ಮೀಸೆಯ ಮೇಲೆ ಕೈಯಿಟ್ಟೆ.

"ಹೊಸ ಕಂಪ್ಯೂಟರಾ ಅಕ್ಕ? ಹಾಗಾದ್ರೆ ಈಗ ಕೇಳ್ಬೋದು. ಆ ಬೀರು..."

ಲಾರಿ ನಿಂತಿತು.

ಬಹಳ ಹೊತ್ತಿನ ಮೇಲೆ ಚಿತ್ರ ಮತ್ತೆ ಓಡಿದಾಗ ಹಿಂದಿನ ಲಾರಿ ಇರಲಿಲ್ಲ. ಹೆಂಡತಿಯ ಫೋನಿಗೆ ಒಂದು ಸಂದೇಶ ಬಂದಿತ್ತು: 'ಹೊಸದರಲ್ಲೂ ಅದೇ ಕಥೆ. ಅರ್ಥವಾಯ್ತು ಅಕ್ಕ. ಇನ್ನು ತೊಂದರೆ ಕೊಡಲ್ಲ.'

ಹೆಂಡತಿ ಅಳಲಿಲ್ಲ, ಮೇಜು ಗುದ್ದಲಿಲ್ಲ. ಎದ್ದು ಹೋಗಿ ಒಣಗಿದ ಬಟ್ಟೆ ಮಡಿಸತೊಡಗಿದಳು. ತಪ್ಪು ಕಾರ್ಡು ಆರಿಸಿ ಅಕ್ಕತಂಗಿಯರನ್ನು ಶಾಶ್ವತವಾಗಿ ಬೇರೆ ಮಾಡಿದ ಮಹಾನುಭಾವ ನಾನು! ಮೂರು ಫ್ಯಾನಿನದೇ ತರಬೇಕಿತ್ತು. ಮನೆ ಸುಟ್ಟರೂ ಅವರ ಮಾತು ಉಳಿಯುತ್ತಿತ್ತು.

"ಆ ಅಂಗಡಿಯವರು ಮೋಸ ಮಾಡಿದ್ದಾರೆ," ಎಂದು ಪೆಟ್ಟಿಗೆಯನ್ನು ಹೊತ್ತೊಯ್ಯಲು ಈಚೆ ತಿರುಗಿಸಿದೆ. ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಿ ಪೆಟ್ಟಿಗೆಯ ಹಿಂಭಾಗ ನೋಡಿದಳು.

"ರೀ, ನಿಲ್ಲಿ. ಅದೇನದು, ನಿಮ್ಮ ಸಹಿ?"

"ಸೀಲು. ಕಂಪನಿಯವರು ಮುಚ್ಚಿದ್ದನ್ನ ಭದ್ರ ಮಾಡಿದೀನಿ. ಸೀಲು ಹಾಕಿದ್ದನ್ನ ತೆಗೀಬಾರದು."

"ಯಾರು ಹೇಳಿದ್ದು? ನಮ್ಮಲ್ಲಿ ಲಾರಿ ಲಾರಿ ಸರಕಿಗೆ ಸೀಲು ಹಾಕ್ತೀವಿ. ಸೀಲು ಇರೋದು ದಾರಿಗೆ ರೀ. ಊರು ಸೇರಿದ್ಮೇಲೆ ಒಡೀದೇ ಇದ್ರೆ ಸರಕು ಇಳಿಸೋದು ಹೆಂಗೆ?"

ಹೀಗೆ ಹೇಳಿ ನನ್ನ ಸಹಿಯನ್ನು ಸರ್‍ರನೆ ಹರಿದಳು. (ಸರ್ವೇಯರ್ ಬದುಕಿನಲ್ಲಿ ಇಂಥ ಅವಮಾನ ನನಗಾಗಿರಲಿಲ್ಲ.) ಮುಚ್ಚಳ ಕಿತ್ತು, ಮೇಲಿದ್ದ ವೈರನ್ನು ತೆಗೆದು ಕೆಳಗೆ, ಕಾರ್ಡಿನ ತೂತಿಗೆ ಸಿಕ್ಕಿಸಿ ಆಟ ಹಚ್ಚಿದಳು. ರಸ್ತೆ ಎಣ್ಣೆ ಹಚ್ಚಿದ ಹಾಗೆ ಜಾರತೊಡಗಿತು. ಮರದ ಎಲೆಗಳು ಬೇರೆ ಬೇರೆಯಾಗಿ ಕಂಡವು. ಅಷ್ಟು ದಿನ ಅಳೆದು ಸುರಿದು ತಂದ ಕಾರ್ಡು ಇಷ್ಟು ಹೊತ್ತೂ ಒಳಗೆ ಸುಮ್ಮನೆ ಕೂತಿತ್ತು, ಚಿತ್ರ ಬಿಡಿಸುತ್ತಿದ್ದದ್ದು ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಬಡಕಲು ಶಕ್ತಿ ಎಂದು ನನಗೆ ಹೊಳೆಯಿತು. ಹೊಳೆದದ್ದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಪುಟ್ಟಿಯನ್ನು ಒಪ್ಪಿಸಿದ್ದು ನಾನೇ. ಫೋನ್ ಮಾಡಿ, "ನನ್ನ ದಡ್ಡತನಮ್ಮ, ನಿಮ್ಮಕ್ಕಂದು ಏನೂ ತಪ್ಪಿಲ್ಲ," ಎಂದೆ. "ಅದನ್ನ ನಂಬಬಹುದು ಭಾವ," ಎಂದಳು ತಕ್ಷಣ.

ಎರಡು ಲಾರಿಗಳು ಮತ್ತೆ ಹೊರಟವು. ಮಳೆ ಶುರುವಾಯಿತು, ವೈಪರು ಆಡತೊಡಗಿತು. ಪುಟ್ಟಿ ಗಂಟಲು ಸರಿಮಾಡಿಕೊಂಡು, "ಬೀರು," ಎಂದಳು. ಲಾರಿ ನಿಲ್ಲಲಿಲ್ಲ.

ನಿಲ್ಲದಿದ್ದದ್ದೇ ಅನಾಹುತವಾಯಿತು. ಅಷ್ಟು ಸಲವೂ ಅರ್ಧಕ್ಕೆ ನಿಲ್ಲುತ್ತಿದ್ದ ಮಾತು ಈಗ ತಡೆಯಿಲ್ಲದೆ ಹರಿಯಿತು. "ಅಮ್ಮನ ಮನೆಗೆ ಬಂದು ನೋಡಿದ್ರೆ ಕೋಣೆ ಬಣಬಣ ಅಂತಿತ್ತು!" ಎಂದು ಅವಳು, "ಮನೆ ಖಾಲಿ ಮಾಡ್ಬೇಕಿತ್ತು ಕಣೇ, ಫೋನ್ ಎತ್ತಿದ್ಯಾ ನೀನು?" ಎಂದು ಇವಳು. ದನಿ ಏರಿತು. ಲಾರಿಗಳ ವೇಗವೂ ಏರಿತು. ಇಷ್ಟು ದಿನ ಇವರಿಬ್ಬರನ್ನು ಕಾಪಾಡಿದ್ದು ಆ ಕೆಟ್ಟ ಲ್ಯಾಪ್‌ಟಾಪೇ ಅನ್ನಿಸಿತು. ಮೆಲ್ಲಗೆ ಬಗ್ಗಿ, ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಕೈ ತೆಗೀರಿ," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ. "ಇವತ್ತು ಇದು ಮುಗೀಲಿ."

ಕೈ ತೆಗೆದೆ.

"ನಂಗೆ ಬೀರು ಬೇಕಿರ್ಲಿಲ್ಲ ಅಕ್ಕ," ಎಂದಳು ಪುಟ್ಟಿ. "ಪುಟ್ಟಿ, ನಿಂಗೆ ಬೇಕೇನೇ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

ಹೆಂಡತಿ ಲಾರಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಹಿಂದಿನದೂ ಬಂದು ನಿಂತಿತು. "ತಪ್ಪಾಯ್ತು ಕಣೇ," ಎಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಈಗ ಕೇಳ್ತಿದ್ದೀನಿ. ಅಮ್ಮನ ಬೀರು ನಿಂಗೆ ಬೇಕೇನೇ?"

ಆ ಕಡೆಯಿಂದ ಸದ್ದಿಲ್ಲ. ಮತ್ತೆ ನಿಂತುಹೋಯಿತೇ ಎಂದು ಪರದೆಯ ಹತ್ತಿರ ಹೋಗಿ ನೋಡಿದೆ. ಮಳೆ ಬೀಳುತ್ತಲೇ ಇತ್ತು, ವೈಪರು ಆಡುತ್ತಲೇ ಇತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನೇಕೆ ಮುಚ್ಚಿಡಲಿ.

"ಬೇಕು," ಎಂದಳು ಪುಟ್ಟಿ.

ಆ ಬೀರುವಿನ ಮುಕ್ಕಾಲು ಭಾಗದಲ್ಲಿ ನನ್ನ ಅಂಗಿ, ಪ್ಯಾಂಟು, ವರದಿಗಳು ಇದ್ದವು ಎಂಬ ಅಂಶ ಆ ಚಾರಿತ್ರಿಕ ಒಪ್ಪಂದದಲ್ಲಿ ಎಲ್ಲಿಯೂ ಪ್ರಸ್ತಾಪವಾಗಲಿಲ್ಲ. ಹೆಂಡತಿಯ ಆಫೀಸಿನ ಲಾರಿಯಲ್ಲೇ, ಈ ಸಲ ನಿಜವಾದ ಲಾರಿಯಲ್ಲಿ, ಬೀರು ಹೋಯಿತು. ನನ್ನ ಬಟ್ಟೆಗಳೆಲ್ಲ ಈಗ ಕುರ್ಚಿಯ ಬೆನ್ನಿನ ಮೇಲೆ ಒಂದರ ಮೇಲೊಂದು ನೇತಾಡುತ್ತಿವೆ. ನಾನು ಸುಕ್ಕಾದ ಅಂಗಿಯಲ್ಲೇ ಸುಟ್ಟ ಗೋದಾಮುಗಳನ್ನು ನೋಡಲು ಹೋಗುತ್ತೇನೆ. ನೋಡಿದವರು ನನ್ನನ್ನೇ ನಷ್ಟ ಅನುಭವಿಸಿದ ಮಾಲೀಕ ಎಂದುಕೊಂಡು ಸಮಾಧಾನ ಹೇಳುತ್ತಾರೆ.

"ಹೊಸ ಬೀರು ಒಂದು ತಗೊಳ್ಳೋಣ್ವಾ?" ಎಂದು ನಿನ್ನೆ ಸಂಜೆ ಮೆಲ್ಲಗೆ ಕೇಳಿದೆ. ಸ್ಪೀಕರಿನಲ್ಲಿ ಪುಟ್ಟಿ ನಕ್ಕದ್ದು ಕೇಳಿಸಿತು.

"ತಗೊಳ್ಳೋಣ," ಎಂದಳು ಹೆಂಡತಿ ಗೇರು ಬದಲಾಯಿಸುತ್ತ, "ಆದ್ರೆ ಆರಿಸೋದು ನಾವಿಬ್ರೂ."

ನಾವಿಬ್ಬರೂ ಅಂದರೆ ಅವಳು ಮತ್ತು ಪುಟ್ಟಿ.