ಕಾಗೆ ಹಾರಿಸಿದ ಬರ್ಸ್ಟ್ ಮಹಾಶಯರಿಗೆ

ಇಂಗ್ಲಿಷ್ ನಿಘಂಟಿನ 'ಬಿ' ಅಕ್ಷರದ ಓಣಿಯಲ್ಲಿ ಕಾಯಂ ವಿಳಾಸ ಹೊಂದಿದ್ದು, ಸದ್ಯ ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳಲ್ಲಿ ಬಿಡುವಿಲ್ಲದೆ ಸೇವೆ ಸಲ್ಲಿಸುತ್ತಿರುವ ಬರ್ಸ್ಟ್ ಎಂಬ ಕ್ರಿಯಾಪದದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಒಂದು ಬಿರುಕೂ ಇಲ್ಲದೆ ಕ್ಷೇಮವಾಗಿದ್ದೀರೆಂದು ನಂಬಿ, ಮೊದಲಿಗೆ ನನ್ನ ಅಪರಾಧವೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ಬೂದಿಗೆರೆಯ ಹೊಲವೊಂದರಲ್ಲಿ, ಕರ್ತವ್ಯನಿರತ ಕಾಗೆಯೊಂದರ ಕೆಲಸಕ್ಕೆ ನಾನು ಅಡ್ಡಿಪಡಿಸಿದ್ದೇನೆ. ಈ ಅಪರಾಧದಲ್ಲಿ ಕೈ ನನ್ನದು, ಸದ್ದು ತಮ್ಮದು. ಬೈಸಿಕೊಂಡವನು ಮಾತ್ರ ನಾನೊಬ್ಬನೇ. ಅದಕ್ಕಾಗಿ ಈ ಪತ್ರ.

ಹೊಸಕೋಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ತಮ್ಮ ಹಳೆಯ ಅಭಿಮಾನಿ. ನಮ್ಮ ಬಡ ಕನ್ನಡದಲ್ಲಿ ಟೈರು ಸಿಡಿಯಬೇಕು, ಪೈಪು ಒಡೆಯಬೇಕು, ಮೊಗ್ಗು ಬಿರಿಯಬೇಕು, ಅಳು ಉಕ್ಕಬೇಕು, ನಗು ಚಿಮ್ಮಬೇಕು. ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರು ಹೊಡೆಯುವಂತಿಲ್ಲ. ತಾವೋ, ಎಲ್ಲ ಟೆಂಡರುಗಳನ್ನೂ ಒಬ್ಬರೇ ಹಿಡಿದಿದ್ದೀರಿ. ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಟೊಮೆಟೊ ಲಾರಿಯ ಟೈರಿನೊಳಗಿದ್ದರೆ, ಮಧ್ಯಾಹ್ನ ಹೊಸ ಲೇಔಟಿನ ನೀರಿನ ಪೈಪಿನಲ್ಲಿ, ಸಂಜೆಗೆ ಅದೇ ಲೇಔಟಿನಲ್ಲಿ ಸೈಟು ಕೊಂಡವನ ಕನಸಿನ ಗುಳ್ಳೆಯಲ್ಲಿ. ಮಗಳಿಗೆ ರ‍್ಯಾಂಕ್ ಬಂದರೆ ಅಪ್ಪನ ಎದೆಯಲ್ಲೂ ತಾವೇ, ಬರದಿದ್ದರೆ ಅಮ್ಮನ ಕಣ್ಣಲ್ಲೂ ತಾವೇ. ಮಿಕ್ಕ ಬಹುಪಾಲು ಕ್ರಿಯಾಪದಗಳು ಕಾಲ ಬದಲಾದಾಗ ಅಂಗಿಯನ್ನಾದರೂ ಬದಲಿಸುತ್ತವೆ; ತಾವು ಆಗುವ ಮುಂಚೆಯೂ ಬರ್ಸ್ಟ್, ಆದ ಮೇಲೂ ಬರ್ಸ್ಟ್. ಹೀಗಿರುವಾಗ ತಮ್ಮ ಮುಖ ನೋಡಿ ಮುನ್ನೆಚ್ಚರಿಕೆ ವಹಿಸುವುದಾದರೂ ಹೇಗೆ?

ಆದರೆ ತಮ್ಮ ಆಟ ನನ್ನ ಹತ್ತಿರ ಮಾತ್ರ ನಡೆಯದೆಂಬ ಹೆಮ್ಮೆ ನನಗಿದೆ. 'ಬರ್ಸ್ಟ್ ಇಂಟು ಟಿಯರ್ಸ್' ಎಂದು ಬೋರ್ಡಿನ ಮೇಲೆ ಬರೆಯುವುದು ನನ್ನ ಕಸುಬು; ಹಾಗೆ ದಿಢೀರನೆ ಅತ್ತುಬಿಡುವುದು ನನ್ನ ಜಾಯಮಾನವಲ್ಲ. ಹೆಣ್ಣು ಒಪ್ಪಿಸಿಕೊಡುವ ಹೊತ್ತಿನಲ್ಲಿ ಛತ್ರದ ಅಡುಗೆಯವರೂ ಮೂಗು ಒರೆಸಿಕೊಳ್ಳುತ್ತಿದ್ದರೆ, ನಾನು ಮಜ್ಜಿಗೆ ಎಲ್ಲಿದೆಯೆಂದು ವಿಚಾರಿಸುವವನು. ಬೆನ್ನ ಹಿಂದೆ ವಿದ್ಯಾರ್ಥಿಗಳು 'ಸೈಜುಗಲ್ಲು' ಎನ್ನುವುದನ್ನು ನಾನು ಬಿರುದೆಂದೇ ಸ್ವೀಕರಿಸಿದ್ದೇನೆ.

ಈಗ ದೂರಿನ ವಿಷಯ. ಅಂದು ನನ್ನ ಭಾವ ಆದಿನಾರಾಯಣಪ್ಪನವರು ತೀರಿಕೊಂಡ ಮೂರನೆಯ ದಿನ, ಹಾಲು-ತುಪ್ಪ. ಸಮಾಧಿಗೆ ಹಾಲು-ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಎಡೆ ಇಟ್ಟು, ದೂರ ನಿಂತು ಕಾಗೆಗಾಗಿ ಕಾಯುವುದು ನಮ್ಮ ಕಡೆಯ ರೂಢಿ. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಅಸಮಾಧಾನ ಉಳಿದಿದೆಯೆಂದು ಅರ್ಥ. ಭಾವನಿಗೆ ಬೇಕರಿಯ ಖಾರದ ಆಲೂಗಡ್ಡೆ ಚಿಪ್ಸೆಂದರೆ ಪ್ರಾಣ. ಬಿ.ಪಿ. ಬಂದ ಮೇಲೆ ನನ್ನಕ್ಕ ಮುನಿರತ್ನಮ್ಮ ಅದನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಕೊನೆಗೆ ಹಾಸಿಗೆ ಹಿಡಿದು ಮಗುವಿನಂತೆ ಕೇಳಿದಾಗಲೂ, 'ಹುಷಾರಾದ್ಮೇಲೆ ತಿನ್ನೋರಂತೆ' ಎಂದಿದ್ದಳು. ಅವರು ಹುಷಾರಾಗಲಿಲ್ಲ. ಅಂದು ಎಡೆಗೆ ಅವಳೇ ಗಾಳಿ ತುಂಬಿ ಉಬ್ಬಿದ ಒಂದು ಪ್ಲಾಸ್ಟಿಕ್ ಪೊಟ್ಟಣ ತಂದಿಟ್ಟಳು.

ಎಲ್ಲರೂ ಹಿಂದೆ ಸರಿದ ಮೇಲೆ, ಪೊಟ್ಟಣವನ್ನು ಬಿಚ್ಚಿಯೇ ಇಲ್ಲವೆಂಬುದು ವಿದ್ಯಾವಂತನಾದ ನನ್ನ ಕಣ್ಣಿಗೆ ಬಿತ್ತು. ಹಲ್ಲಿನಿಂದ ಕಚ್ಚಿದರೆ ಎಡೆ ಎಂಜಲಾಗುತ್ತದೆ. ತುಪ್ಪದ ಕೈಗೆ ಅಂಚು ಸಿಗದು. ಎರಡು ಅಂಗೈಗಳ ನಡುವೆ ಇಟ್ಟು ಒತ್ತಿದೆ. ತಾವು ದಯಮಾಡಿಸಿದಿರಿ. ಹೊಂಗೆಮರದಲ್ಲಿ ಆಗಷ್ಟೇ ಬಂದು ಕುಳಿತಿದ್ದ ಒಂದೇ ಒಂದು ಕಾಗೆ ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ದಿಕ್ಕಿಗೆ ಪರಾರಿಯಾಯಿತು. ಚಿಪ್ಸು ಹಸಿಮಣ್ಣಿನ ಮೇಲೆಲ್ಲ ಚೆಲ್ಲಿತು.

ನೆರೆಮನೆಯ ಪಾಪಮ್ಮ, 'ಇಂಗ್ಲಿಷ್ ಓದ್ಕೊಂಡೋನ್ನ ಎಡೆ ತಾವ್ಕೆ ಯಾಕ್ರಪ್ಪಾ ಬಿಟ್ರಿ' ಎಂದು ವಿಚಾರಣೆ ಆರಂಭಿಸಿದಳು. ಅಕ್ಕನ ಮಗ ಉಮಾಶಂಕರ, 'ಮಾವ, ನಿಮ್ ಕಾಲೇಜಲ್ಲಿ ಕತ್ತರಿ ಇಲ್ವಾ' ಎಂದ. ಅಕ್ಕ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. 'ಅವ್ರಿಗೆ ನನ್ ಮೇಲಿನ ಸಿಟ್ಟು ಇಳ್ದಿಲ್ಲ ಕಣೋ ನಂದೀಶ' ಎಂದಳು. ಸಿಟ್ಟು ಭಾವನದಲ್ಲ, ಪೊಟ್ಟಣದ ಗಾಳಿಯದು ಎಂದು ನಾನು ವಿವರಿಸಿದ್ದನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ.

ಬಿಸಿಲೇರಿತು. ಉಮಾಶಂಕರ 'ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ, ಬಾರಪ್ಪಾ' ಎಂದು ಮಾತು ಕೊಟ್ಟರೂ ಒಂದು ರೆಕ್ಕೆಯ ಸುಳಿವಿಲ್ಲ. ಆಗ ಅಕ್ಕ ತಾನೇ ಹೋಗಿ ಕೂತು, ಚೆಲ್ಲಿದ ಚಿಪ್ಸನ್ನು ಒಂದೊಂದಾಗಿ ಆಯ್ದು, ಸೆರಗಿನಲ್ಲಿ ಮಣ್ಣು ಒರೆಸಿ ಎಲೆಗೆ ಹಾಕಿ, 'ನಾನೇ ಬೇಡ ಅಂದಿದ್ದು. ಡಾಕ್ಟ್ರು ಹೇಳಿದ್ರು, ಅದಕ್ಕೇ ಅಂದೆ. ಇವತ್ತು ಯಾರೂ ಬೇಡ ಅನ್ನಲ್ಲ, ತಿನ್ನಿ' ಎಂದಳು. ಅವಳು ಎದ್ದು ಬಂದು ನಮ್ಮ ಸಾಲಿನಲ್ಲಿ ನಿಲ್ಲುವುದರೊಳಗೆ ಕಾಗೆ ಇಳಿಯಿತು. ವಡೆಯನ್ನು ದಾಟಿತು, ಪಾಯಸವನ್ನು ದಾಟಿತು, ಚಿಪ್ಸಿಗೇ ಕೊಕ್ಕು ಹಾಕಿತು. 'ನೋಡೋ, ವಡೆ ಕಡೆ ತಿರುಗೂ ನೋಡ್ಲಿಲ್ಲ' ಎಂದು ಅಕ್ಕ ಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕಳು.

ಆದಕಾರಣ ತಮ್ಮಲ್ಲಿ ವಿನಂತಿ. ಇನ್ನು ಮುಂದೆ ಬರುವ ಮುನ್ನ ಕುಕ್ಕರಿನಂತೆ ಒಂದು ವಿಷಲ್ ಹಾಕಬೇಕು. ಆ ಕಾಗೆಯನ್ನು ಖುದ್ದಾಗಿ ಕಂಡು ಕ್ಷಮೆ ಕೇಳಬೇಕು. ಟೈರು, ಪೈಪುಗಳನ್ನು ತಾವೇ ಇಟ್ಟುಕೊಂಡು, ಎದೆ ಮತ್ತು ಕಣ್ಣುಗಳ ಕಾಮಗಾರಿಯನ್ನು ನಮ್ಮ ಕನ್ನಡದ ಕ್ರಿಯಾಪದಗಳಿಗೆ ಬಿಟ್ಟುಕೊಡಬೇಕು. ಅವರು ನಿಧಾನಸ್ಥರು, ಕರ್ಚೀಫು ಹುಡುಕಿಕೊಳ್ಳುವಷ್ಟು ಸಮಯವನ್ನಾದರೂ ಕೊಡುತ್ತಾರೆ.

ತಮ್ಮ ವಿಶ್ವಾಸಿ
(ತಮ್ಮೊಬ್ಬರನ್ನುಳಿದು ಮಿಕ್ಕೆಲ್ಲ ಕ್ರಿಯಾಪದಗಳಲ್ಲಿ ವಿಶ್ವಾಸವಿರುವ)
ನಂದೀಶ್, ಹೊಸಕೋಟೆ

ವಿ.ಸೂ.: ಅಕ್ಕ ನಕ್ಕಾಗಲೂ ನಾನು ಕದಲದೆ ನಿಂತಿದ್ದೆನೆಂದು ಬರೆದು ಮುಗಿಸುವವನಿದ್ದೆ; ಆದರೆ ನಡೆದದ್ದನ್ನು ಉಮಾಶಂಕರ ಊರೆಲ್ಲ ಸಾರಿಕೊಂಡು ಬರುತ್ತಿರುವುದರಿಂದ ಆ ಅನುಕೂಲವನ್ನೂ ತಾವು ನನಗೆ ಉಳಿಸಿಲ್ಲ. ಕಾಗೆ ಎರಡನೆಯ ಚಿಪ್ಸಿಗೆ ಬಗ್ಗುವಷ್ಟರಲ್ಲಿ ನಾನು ಎಂಥ ದನಿಯಲ್ಲಿ ಅತ್ತೆನೆಂದರೆ ಅದು ಮತ್ತೊಮ್ಮೆ ಹಾರಿಹೋಯಿತು, ಮತ್ತು ಗಂಡನನ್ನು ಕಳೆದುಕೊಂಡ ನನ್ನಕ್ಕ, ನನ್ನ ಮೂಗು ಒರೆಸಿ, ಮನೆಯವರೆಗೂ ನನ್ನ ಕೈ ಹಿಡಿದುಕೊಂಡು ಬರಬೇಕಾಯಿತು.